ಬಾಂದೋಲ್‌ನ ಕೆಂಪು ವೈನ್, ಅದನ್ನು ಉಳಿಸಿಕೊಂಡ ಮನೆ

(ದ್ರಾಕ್ಷಿ ಬೆಳೆಗಾರರೂ ಆಸಕ್ತರೂ ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇಲ್ಲಿ ದ್ರಾಕ್ಷಿ ತೋಟ ಇರುವವರು ಜಾಸ್ತಿ ಇದ್ದೀರಿ. ಹಾಗಾಗಿ ಮೊದಲು ಒಂದು ಲೆಕ್ಕ ಇಡುತ್ತೇನೆ, ಕಥೆ ಆಮೇಲೆ.

ಫ್ರಾನ್ಸಿನ ದಕ್ಷಿಣ ತೀರದಲ್ಲಿ, ಮಾರ್ಸೇಯ್ ಮತ್ತು ತುಲೋನ್ ನಡುವೆ, ಬಾಂದೋಲ್ ಅಂತ ಒಂದು ಸಣ್ಣ ಬಂದರು ಊರು ಇದೆ. ಆ ಊರಿನ ಹೆಸರಿನಲ್ಲಿ ಕೆಂಪು ವೈನ್ ಮಾರಬೇಕಾದರೆ ಬಳ್ಳಿಗೆ ಸುಮಾರು ಎಂಟು ವರ್ಷ ಆಗಿರಬೇಕು. ಅದಕ್ಕೂ ಮೊದಲಿನ ಹಣ್ಣು ಈ ವೈನ್‌ಗೆ ಸಲ್ಲುವುದಿಲ್ಲ. ಹಣ್ಣು ಕೊಯ್ದು ವೈನ್ ಆದ ಮೇಲೆ ಕನಿಷ್ಠ 18 ತಿಂಗಳು ಮರದ ಪೀಪಾಯಿಯಲ್ಲಿ ಇಡಬೇಕು. ಅಂದರೆ ಇವತ್ತು ಸಸಿ ನೆಟ್ಟವನು ಮೊದಲ ಬಾಟಲಿ ಮಾರಲು ಹತ್ತಿರ ಹತ್ತು ವರ್ಷ ಕಾಯಬೇಕು.

ಇಳುವರಿಗೂ ಮಿತಿ ಇದೆ. ಒಂದು ಹೆಕ್ಟೇರಿಗೆ ಸುಮಾರು 4,000 ಲೀಟರ್ ವೈನ್, ಅದಕ್ಕಿಂತ ಜಾಸ್ತಿ ತೆಗೆಯುವ ಹಾಗಿಲ್ಲ. ನಮ್ಮ ಲೆಕ್ಕದಲ್ಲಿ ಎಕರೆಗೆ ಎರಡು ಟನ್ ಹಣ್ಣಿನ ಆಸುಪಾಸು. ವಿಜಯಪುರದ ಕಡೆ ತಿನ್ನುವ ದ್ರಾಕ್ಷಿ ಎಕರೆಗೆ ಎಂಟು ಹತ್ತು ಟನ್ ಬಂದರೆ ಯಾರೂ ಹುಬ್ಬೇರಿಸುವುದಿಲ್ಲ. ಮೇಲಾಗಿ ಅಲ್ಲಿ ಕೊಯ್ಲಿಗೆ ಯಂತ್ರ ಇಳಿಸುವಂತಿಲ್ಲ. ಎಲ್ಲವನ್ನೂ ಕೈಯಲ್ಲೇ ಕೀಳಬೇಕು.

ಇಷ್ಟು ಕೇಳಿದ ಮೇಲೆ ಇದು ರೈತನನ್ನು ಕಟ್ಟಿಹಾಕುವ ಕಾನೂನು ಅನ್ನಿಸುತ್ತೆ, ಅಲ್ವಾ? ಆದರೆ ಇದನ್ನು ಮೇಲಿನಿಂದ ಯಾರೋ ಅಧಿಕಾರಿ ಹೇರಿದ್ದಲ್ಲ. ಅಲ್ಲಿನ ಬೆಳೆಗಾರರೇ ಕೇಳಿ ಪಡೆದುಕೊಂಡ ಕಟ್ಟುಪಾಡು. ಅದರ ಹಿಂದೆ ಒಂದು ಮನೆತನ ಇದೆ. ನಾನು ಇವತ್ತು ಮಾತಾಡಬೇಕು ಅಂದುಕೊಂಡಿರುವುದು ಆ ಮನೆತನದ ಬಗ್ಗೆ, ಅವರು ಹಟ ಹಿಡಿದು ಉಳಿಸಿದ ಒಂದು ದ್ರಾಕ್ಷಿ ಜಾತಿಯ ಬಗ್ಗೆ.

ಆ ಜಾತಿಯ ಹೆಸರು ಮೂರ್ವೆದ್ರ. ಮೂಲದಲ್ಲಿ ಸ್ಪೇನಿನದು. ಅಲ್ಲಿ ಇದನ್ನು ಮೊನಸ್ತ್ರೆಲ್ ಅಂತಾರೆ. ಇದು ತಡವಾಗಿ ಚಿಗುರುತ್ತೆ, ಇನ್ನೂ ತಡವಾಗಿ ಹಣ್ಣಾಗುತ್ತೆ. ಸುತ್ತಮುತ್ತ ಬೇರೆ ಜಾತಿಗಳ ಕೊಯ್ಲು ಮುಗಿಯುತ್ತಾ ಬಂದರೂ ಇದು ಇನ್ನೂ ಬಳ್ಳಿಯಲ್ಲೇ ಇರುತ್ತೆ. ಸೆಪ್ಟೆಂಬರ್ ಕೊನೆ, ಕೆಲವು ವರ್ಷ ಅಕ್ಟೋಬರ್ ನಡುವಿನವರೆಗೂ ಕಾಯಬೇಕು. ಅಷ್ಟು ಹೊತ್ತಿಗೆ ಮಳೆ ಬಂದರೆ ವರ್ಷದ ದುಡಿಮೆ ಹೋಯಿತು. ಕಾಳು ಸಣ್ಣದು, ಸಿಪ್ಪೆ ದಪ್ಪ. ರಸ ಕಡಿಮೆ, ಬಣ್ಣ ಮತ್ತು ಒಗರು ಜಾಸ್ತಿ. ಪ್ರೊವಾನ್ಸ್ ಸೀಮೆಯ ರೈತರು ಇದರ ಬಗ್ಗೆ ಹೇಳುವ ಮಾತು: ಇದಕ್ಕೆ ತಲೆ ಬಿಸಿಲಲ್ಲಿರಬೇಕು, ಕಾಲು ನೀರಲ್ಲಿರಬೇಕು. ಬರೀ ಬಿಸಿಲು ಸಾಲದು, ಬೇರಿಗೆ ತೇವ ಹಿಡಿದಿಡುವ ಜೇಡಿ ಮಣ್ಣೂ ಬೇಕು. ಈ ಎರಡೂ ಒಟ್ಟಿಗೆ ಸಿಗುವ ಜಾಗ ಕಡಿಮೆ. ಬಾಂದೋಲ್ ಅಂಥ ಒಂದು ಜಾಗ.

ನೆಲದ ಬಗ್ಗೆ ಸ್ವಲ್ಪ ಹೇಳುತ್ತೇನೆ. ಸಮುದ್ರಕ್ಕೆ ಮುಖ ಮಾಡಿ ಅರ್ಧ ಬಟ್ಟಲಿನಂತೆ ಬಾಗಿದ ಗುಡ್ಡಗಳು. ಬೆನ್ನಿಗೆ ಉತ್ತರದಲ್ಲಿ ಸೇಂತ್ ಬೋಮ್ ಬೆಟ್ಟಸಾಲು. ಇಳಿಜಾರಿನ ತುಂಬ ಮೆಟ್ಟಿಲು ಮೆಟ್ಟಿಲಾಗಿ ಗದ್ದೆಯಗಲದ ಪಟ್ಟಿಗಳು, ಪ್ರತಿ ಪಟ್ಟಿಗೂ ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿ ಕಟ್ಟಿದ ಒಡ್ಡು. ಅಲ್ಲಿನವರು ಇದನ್ನು ರೆಸ್ತಾಂಕ್ ಅನ್ನುತ್ತಾರೆ. ಗಾರೆ ಹಾಕದಿರುವುದಕ್ಕೆ ಕಾರಣ ಇದೆ. ಜೋರು ಮಳೆಗೆ ನೀರು ಕಲ್ಲಿನ ಸಂದಿಯಿಂದ ಹೊರಗೆ ಹೋಗಬೇಕು, ಮಣ್ಣು ಮಾತ್ರ ಒಳಗೇ ಉಳಿಯಬೇಕು. ಒಂದು ಕಡೆ ಕಲ್ಲು ಜಾರಿತು ಅಂದರೆ ಚಳಿಗಾಲದಲ್ಲಿ ಕೂತು ಮತ್ತೆ ಕಟ್ಟಬೇಕು. ಈ ಕೆಲಸಕ್ಕೆ ಕೊನೆ ಅನ್ನುವುದೇ ಇಲ್ಲ. ಮಳೆ ನಿಂತ ಮೇಲೆ ಉತ್ತರ ಮತ್ತು ವಾಯವ್ಯದ ಕಡೆಯಿಂದ ಮಿಸ್ತ್ರಾಲ್ ಅನ್ನೋ ಒಣಗಾಳಿ ಬೀಸುತ್ತೆ. ಗೊಂಚಲನ್ನು ಒಣಗಿಸಿ ಬೂಷ್ಟು ಹಿಡಿಯದಂತೆ ನೋಡಿಕೊಳ್ಳುವುದು ಅದೇ.

ಇದೇ ಸೀಮೆಯಲ್ಲಿ ಲ ಬೊಸೆ ಅನ್ನೋ ಹಳ್ಳಿ ಇದೆ. ಭೂವಿಜ್ಞಾನ ಓದಿದವರಿಗೆ ಈ ಹೆಸರು ಗೊತ್ತಿರಬಹುದು. ಕೆಳಗಿರಬೇಕಾದ ಹಳೆಯ ಕಲ್ಲಿನ ಪದರ ಅಲ್ಲಿ ಹೊಸ ಪದರದ ಮೇಲೆ ಬಂದು ಕೂತಿದೆ. ಮಾರ್ಸೆಲ್ ಬರ್ತ್ರಾಂ ಅನ್ನೋ ವಿಜ್ಞಾನಿ 1880ರ ದಶಕದಲ್ಲಿ ಇದನ್ನು ಬಿಡಿಸಿ ಹೇಳಿದರು. ಬೆಟ್ಟಗಳು ಹುಟ್ಟುವಾಗ ನೆಲದ ಪದರಗಳು ಎಷ್ಟು ದೂರ ತಳ್ಳಿಕೊಂಡು ಹೋಗಬಲ್ಲವು ಅನ್ನೋ ತಿಳಿವಿಗೆ ಈ ಜಾಗ ದೊಡ್ಡ ಆಧಾರವಾಯಿತು. ರೈತನಿಗೆ ಇದರಿಂದ ಏನು? ಒಂದು ತೋಟದಿಂದ ಪಕ್ಕದ ತೋಟಕ್ಕೆ ಹೋದರೆ ಕಾಲಡಿಯ ಮಣ್ಣು ಬದಲಾಗುತ್ತೆ, ವೈನ್ ಕೂಡ ಬದಲಾಗುತ್ತೆ.

ಈಗ ಮನೆಯ ಕಥೆ. ದೊಮೇನ್ ತಾಂಪಿಯೆ ಅನ್ನೋದು ಈ ಸೀಮೆಯ ಒಂದು ಹಳೆಯ ತೋಟ. ಮನೆತನದ ಕೈಯಲ್ಲಿ 1834ರಿಂದ ಇದೆ. ಅದರ ಬಾಟಲಿಯ ಚೀಟಿಯ ಮೇಲೆ 1885ರಲ್ಲಿ ಬಂದ ಚಿನ್ನದ ಪದಕದ ಗುರುತು ಇದೆ. ಆಗ ತೋಟ ನೋಡಿಕೊಳ್ಳುತ್ತಿದ್ದವರು ಲೆಯೊನಿ ತಾಂಪಿಯೆ ಅನ್ನೋ ಹೆಣ್ಣುಮಗಳು.

ಆ ಕಾಲದಲ್ಲಿ ಬಾಂದೋಲ್ ವೈನ್ ಹಡಗು ಹತ್ತಿ ದೂರ ದೂರ ಹೋಗುತ್ತಿತ್ತು. ಪೀಪಾಯಿಯ ಮೇಲೆ ಕಾಯಿಸಿದ ಕಬ್ಬಿಣದಲ್ಲಿ ‘ಬಿ’ ಅಂತ ಅಕ್ಷರ ಒತ್ತುತ್ತಿದ್ದರು. ಮೂರ್ವೆದ್ರದ ಒಂದು ಗುಣ ಇಲ್ಲಿ ಕೆಲಸಕ್ಕೆ ಬರುತ್ತಿತ್ತು. ಅದರ ರಸ ಗಾಳಿಗೆ ಬೇಗ ಕೆಡುವುದಿಲ್ಲ. ಬೇರೆ ವೈನ್ ಹಡಗಿನ ಕುಲುಕಾಟಕ್ಕೆ, ಸೆಕೆಗೆ ಹುಳಿಯಾಗುತ್ತಿದ್ದರೆ ಇದು ತಡೆದುಕೊಳ್ಳುತ್ತಿತ್ತು.

ಆಮೇಲೆ ಬಂತು ಫಿಲಾಕ್ಸೆರಾ. ಅಮೆರಿಕದ ಬಳ್ಳಿಗಳ ಜೊತೆ 1860ರ ದಶಕದಲ್ಲಿ ಫ್ರಾನ್ಸಿಗೆ ಬಂದಿಳಿದ ಹೇನಿನಂಥ ಸಣ್ಣ ಹುಳ. ಬೇರಿಗೆ ಕೂತು ರಸ ಹೀರುತ್ತೆ, ಬಳ್ಳಿ ಸಾಯುತ್ತೆ. ಇಡೀ ದೇಶದ ತೋಟಗಳು ಒಣಗಿದವು. ಕೊನೆಗೆ ಸಿಕ್ಕ ಉಪಾಯ ಕಸಿ. ಹುಳ ಬಂದ ದೇಶದ ಬಳ್ಳಿಯ ಬೇರಿಗೇ ಹುಳವನ್ನು ತಡೆಯುವ ಶಕ್ತಿ ಇತ್ತು. ಆ ಅಮೆರಿಕನ್ ಬೇರಿನ ಮೇಲೆ ಫ್ರೆಂಚ್ ಬಳ್ಳಿ ಕಟ್ಟಿದರು. ನಮ್ಮಲ್ಲಿ ನೀವು ಡಾಗ್‌ರಿಜ್ ರೂಟ್‌ಸ್ಟಾಕ್ ಹಾಕುತ್ತೀರಲ್ಲ, ಅದೂ ಅಮೆರಿಕದ ಕಾಡು ದ್ರಾಕ್ಷಿಯ ಸಂತಾನವೇ. ನೀವು ಹಾಕುವುದು ಉಪ್ಪು ನೀರಿಗೆ, ಬರಕ್ಕೆ. ಅವರು ಹಾಕಿದ್ದು ಹುಳಕ್ಕೆ.

ಆದರೆ ಮೂರ್ವೆದ್ರ ಆ ಹೊಸ ಬೇರಿನ ಮೇಲೆ ಸಲೀಸಾಗಿ ಕೂರಲಿಲ್ಲ. ಕಸಿ ಹಿಡಿಯುವುದೇ ಕಷ್ಟ, ಹಿಡಿದರೂ ಇಳುವರಿ ಕಡಿಮೆ. ಅದೇ ಹೊತ್ತಿಗೆ ಕೈತುಂಬ ಹಣ್ಣು ಕೊಡುವ ಬೇರೆ ಜಾತಿಗಳು ಬಂದವು. ಸಾಲದಲ್ಲಿದ್ದ ರೈತ ಯಾವುದನ್ನು ನೆಡುತ್ತಾನೆ? ಅವರ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ವೈನ್ ಬೆಲೆ ಬಿದ್ದುಹೋದಾಗ ತಾಂಪಿಯೆ ತೋಟದಲ್ಲೂ ಬಳ್ಳಿ ಕಿತ್ತು ಹಣ್ಣಿನ ಮರ ಹಾಕಿದ್ದರು. ಬಾಂದೋಲ್ ಸೀಮೆಯಲ್ಲಿ ಮೂರ್ವೆದ್ರ ಬಹುತೇಕ ಕಾಣೆಯಾಯಿತು. ಊರಿನ ಹೆಸರು ಉಳಿಯಿತು, ಆ ಹೆಸರಿಗೆ ಬೆಲೆ ತಂದ ಹಣ್ಣು ಉಳಿಯಲಿಲ್ಲ.

1936ರಲ್ಲಿ ಈ ಮನೆಯ ಮಗಳು ಲೂಸಿ ತಾಂಪಿಯೆಗೂ ಲೂಸಿಯೆನ್ ಪೇರೋ ಅನ್ನೋ ಯುವಕನಿಗೂ ಮದುವೆಯಾಯಿತು. ಲೂಸಿಯನ್ನು ಎಲ್ಲರೂ ಲುಲು ಅಂತ ಕರೆಯುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಮಾವ ಅಳಿಯನಿಗೆ ಒಂದು ಹಳೆಯ ಬಾಟಲಿ ಬಿಚ್ಚಿ ಕೊಟ್ಟರು. ಫಿಲಾಕ್ಸೆರಾ ಬರುವುದಕ್ಕೆ ಮೊದಲು ಇದೇ ತೋಟದ ಹಣ್ಣಿನಿಂದ ಆದ ವೈನ್ ಅದು. ಅದನ್ನು ಕುಡಿದ ಅಳಿಯನಿಗೆ ತಲೆಯಲ್ಲಿ ಹುಳ ಹೊಕ್ಕಂತಾಯಿತು. ಈಗ ಊರಲ್ಲಿ ಸಿಗುವ ವೈನ್‌ಗೂ ಇದಕ್ಕೂ ಸಂಬಂಧವೇ ಇಲ್ಲವಲ್ಲ, ಇದರಲ್ಲಿ ಏನಿತ್ತು? ಹಳೆಯ ರೈತರನ್ನು ಕೇಳಿದರು, ಕಾಗದಪತ್ರ ಹುಡುಕಿದರು. ಎಲ್ಲ ಕಡೆಯಿಂದ ಬಂದ ಉತ್ತರ ಒಂದೇ: ಮೂರ್ವೆದ್ರ.

1940ರ ಹೊತ್ತಿಗೆ ಗಂಡ ಹೆಂಡತಿ ತೋಟಕ್ಕೇ ಬಂದು ನೆಲೆಸಿದರು. ಕಾಲ ಎಂಥದ್ದು ನೋಡಿ. ಫ್ರಾನ್ಸ್ ಯುದ್ಧದಲ್ಲಿ ಸೋತು ಕೂತಿತ್ತು. 1942ರ ನವೆಂಬರ್‌ನಲ್ಲಿ ಜರ್ಮನ್ ಸೇನೆ ದಕ್ಷಿಣಕ್ಕೂ ನುಗ್ಗಿತು. ತುಲೋನ್ ಬಂದರಿನಲ್ಲಿ, ಇವರ ತೋಟಕ್ಕೆ ಹತ್ತಿರದಲ್ಲೇ, ಫ್ರೆಂಚ್ ನೌಕಾಪಡೆ ಶತ್ರುವಿನ ಕೈಗೆ ಸಿಗಬಾರದು ಅಂತ ತನ್ನ ಹಡಗುಗಳನ್ನು ತಾನೇ ಮುಳುಗಿಸಿತು. ಅಂಥ ಹೊತ್ತಲ್ಲಿ ಈ ದಂಪತಿ, ಎಂಟು ವರ್ಷ ಆದ ಮೇಲೆ ಬೆಲೆ ಬರುವ ಬಳ್ಳಿ ನೆಡುತ್ತಿದ್ದರು.

ಬರೀ ತಮ್ಮ ತೋಟದಲ್ಲಿ ನೆಟ್ಟಿದ್ದರೆ ನಾನು ಇಷ್ಟು ಮಾತಾಡುತ್ತಿರಲಿಲ್ಲ. ಒಂದೇ ಮನೆಯವರು ಒಳ್ಳೆಯ ವೈನ್ ಮಾಡಿ ಪಕ್ಕದವರು ಅದೇ ಊರಿನ ಹೆಸರಲ್ಲಿ ತೆಳು ವೈನ್ ಮಾರಿದರೆ ಹೆಸರು ಇಬ್ಬರದ್ದೂ ಹಾಳಾಗುತ್ತೆ. ಪೇರೋ ಅವರಿಗೆ ಇದು ಗೊತ್ತಿತ್ತು. ಫ್ರಾನ್ಸಿನಲ್ಲಿ ಊರಿನ ಹೆಸರನ್ನು ಕಾನೂನಿನಿಂದ ಕಾಯುವ ಪದ್ಧತಿ 1930ರ ದಶಕದಲ್ಲಿ ಶುರುವಾಗಿತ್ತು. ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿಗೆ ಭೌಗೋಳಿಕ ಸೂಚನೆ ಸಿಕ್ಕಿದೆಯಲ್ಲ, ಅದೇ ಬಗೆಯದ್ದು. ಆದರೆ ಅವರದು ಎಲ್ಲಿ ಬೆಳೆಯಬೇಕು ಅನ್ನುವಲ್ಲಿಗೆ ನಿಲ್ಲುವುದಿಲ್ಲ. ಯಾವ ಜಾತಿ, ಎಷ್ಟು ಇಳುವರಿ, ಎಷ್ಟು ದಿನ ಪೀಪಾಯಿ, ಎಲ್ಲವೂ ಬರೆದಿರುತ್ತೆ. ಬಾಂದೋಲ್‌ಗೆ ಆ ಮಾನ್ಯತೆ 1941ರಲ್ಲಿ ಬಂತು.

ಆಮೇಲಿನ ಕೆಲಸ ನಿಧಾನದ್ದು. ಪೇರೋ ದಶಕಗಟ್ಟಲೆ ಅಲ್ಲಿನ ಬೆಳೆಗಾರರ ಸಂಘದ ಮುಂದಾಳಾಗಿದ್ದರು. ಕೆಂಪು ವೈನ್‌ನಲ್ಲಿ ಮೂರ್ವೆದ್ರ ಇಷ್ಟಾದರೂ ಇರಬೇಕು ಅನ್ನೋ ಮಿತಿಯನ್ನು ಮೊದಲು ಸಣ್ಣದಾಗಿ ಇಟ್ಟರು. ಯಾಕೆಂದರೆ ತೋಟಗಳಲ್ಲಿ ಅದು ಇರಲೇ ಇಲ್ಲ. ರೈತರು ನೆಡುತ್ತಾ ಹೋದ ಹಾಗೆ ಮಿತಿಯನ್ನೂ ಏರಿಸಿದರು. ಇವತ್ತು ಕನಿಷ್ಠ ಅರ್ಧ ಪಾಲು ಮೂರ್ವೆದ್ರ ಇರಲೇಬೇಕು. ಉಳಿದದ್ದು ಹೆಚ್ಚಾಗಿ ಗ್ರೆನಾಶ್ ಮತ್ತು ಸಾನ್ಸೊ. ಒಳ್ಳೆಯ ತೋಟದವರು ಆ ಅರ್ಧವನ್ನು ದಾಟಿ ಎಷ್ಟೋ ಮುಂದೆ ಹೋಗುತ್ತಾರೆ.

ಇಲ್ಲಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಇವತ್ತು ಬಾಂದೋಲ್ ಕೆಂಪು ವೈನ್ ಅಂದರೆ ‘ಸಾಂಪ್ರದಾಯಿಕ’ ಅಂತಾರೆ. ಕೇಳಿದವರಿಗೆ ಅದು ಅಜ್ಜ ಮುತ್ತಜ್ಜನ ಕಾಲದಿಂದ ತಾನಾಗಿಯೇ ನಡೆದು ಬಂದದ್ದು ಅನ್ನಿಸುತ್ತೆ. ಹಾಗಲ್ಲ. ನಡುವೆ ಅದು ಹೆಚ್ಚುಕಡಿಮೆ ಕಡಿದುಹೋಗಿತ್ತು. ಒಬ್ಬ ಅಳಿಯ ಒಂದು ಹಳೆಯ ಬಾಟಲಿಯ ರುಚಿ ನೆನಪಿಟ್ಟುಕೊಂಡು ಮತ್ತೆ ಹೆಣೆದದ್ದು ಅದು. ಊರವರೆಲ್ಲ ಒಪ್ಪಿ ಕಾನೂನು ಮಾಡಿಕೊಳ್ಳದಿದ್ದರೆ ಒಂದೇ ತಲೆಮಾರಿಗೆ ಮತ್ತೆ ಕಳೆದುಹೋಗುತ್ತಿತ್ತು. ಸಂಪ್ರದಾಯ ಅನ್ನೋದು ಒಂದಷ್ಟು ಜನ ಕೂತು ಮಾಡಿದ ತೀರ್ಮಾನ. ಅದಕ್ಕೆ ತಾರೀಖು ಕೂಡ ಇದೆ.

ಈಗ ವೈನ್ ಹೇಗಾಗುತ್ತೆ ಅಂತ ನೋಡೋಣ. ಗೊಂಚಲುಗಳನ್ನು ಕತ್ತರಿಯಲ್ಲಿ ಕತ್ತರಿಸಿ, ಹಾಳಾದ ಕಾಳುಗಳನ್ನು ಅಲ್ಲೇ ಆರಿಸಿ ತೆಗೆದು, ತೊಟ್ಟಿಗೆ ತರುತ್ತಾರೆ. ತಾಂಪಿಯೆಯಲ್ಲಿ ಹೊರಗಿನ ಯೀಸ್ಟ್ ಹಾಕುವುದಿಲ್ಲ, ಸಿಪ್ಪೆಯ ಮೇಲೆ ಮತ್ತು ಆ ಮನೆಯಲ್ಲಿ ಇರುವ ಯೀಸ್ಟೇ ಹುದುಗು ಎಬ್ಬಿಸುತ್ತೆ. ಸಿಪ್ಪೆ ಮೇಲೆ ತೇಲಿ ದಪ್ಪ ಪದರ ಕಟ್ಟುತ್ತೆ. ಕೆಳಗಿನ ರಸವನ್ನು ಎತ್ತಿ ಅದರ ಮೇಲೆ ಸುರಿಯುತ್ತಾ ಇರಬೇಕು. ಬಣ್ಣ, ಒಗರು, ಪರಿಮಳ ಎಲ್ಲ ಬರುವುದು ಸಿಪ್ಪೆಯಿಂದಲೇ.

ಹುದುಗು ಇಳಿದ ಮೇಲೆ ವೈನ್ ಹೋಗುವುದು ಫೂದ್ರ ಅನ್ನೋ ಬೃಹತ್ ಓಕ್ ಪೀಪಾಯಿಗೆ. ಒಂದೊಂದರಲ್ಲಿ ಸಾವಿರಾರು ಲೀಟರ್ ಹಿಡಿಯುತ್ತೆ, ಮನುಷ್ಯನಿಗಿಂತ ಎತ್ತರ. ಬೋರ್ದೋ ಕಡೆ ಬಳಸುವ ಪೀಪಾಯಿ 225 ಲೀಟರಿನದು. ಪೀಪಾಯಿ ಸಣ್ಣದಾದಷ್ಟೂ ವೈನ್‌ಗೆ ಮರ ತಾಗುವುದು ಜಾಸ್ತಿ. ಹೊಸ ಸಣ್ಣ ಪೀಪಾಯಿಯಾದರೆ ವೆನಿಲ್ಲಾ ವಾಸನೆ, ಸುಟ್ಟ ಮರದ ವಾಸನೆ ಬರುತ್ತೆ. ಹಳೆಯ ದೊಡ್ಡ ಫೂದ್ರ ಮರದ ರುಚಿಯನ್ನು ಹೆಚ್ಚೇನೂ ಕೊಡುವುದಿಲ್ಲ. ಹಲಗೆಯ ಸಂದಿಯಿಂದ ಗಾಳಿ ಮಾತ್ರ ಅಷ್ಟಷ್ಟೇ ಒಳಗೆ ಹೋಗುತ್ತೆ. ಮೂರ್ವೆದ್ರಕ್ಕೆ ಬೇಕಾಗಿರುವುದೂ ಆ ಗಾಳಿಯೇ. ಉಸಿರು ಕಟ್ಟಿದರೆ ಇದು ಕೊಟ್ಟಿಗೆಯ ವಾಸನೆ ಬೀರುತ್ತೆ. ಹಡಗಿನಲ್ಲಿ ಅದನ್ನು ಕಾಪಾಡಿದ ಗುಣದ ಇನ್ನೊಂದು ಮುಖ ಇದು.

ಒಗರಿನ ಬಗ್ಗೆ ಒಂದು ಮಾತು. ಎಳೆಯ ಬಾಂದೋಲ್ ಬಾಯಿಗೆ ಹಾಕಿದರೆ ಹಸಿ ಅಡಿಕೆ ಅಗಿದ ಹಾಗೆ ನಾಲಗೆ ಹಿಡಿದುಕೊಳ್ಳುತ್ತೆ. ಎರಡರಲ್ಲೂ ಇರುವುದು ಟ್ಯಾನಿನ್. ಅದು ಎಂಜಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಳ್ಳುತ್ತೆ, ಬಾಯಿ ಒಣಗಿದಂತೆ ಅನ್ನಿಸುತ್ತೆ. ವರ್ಷ ಕಳೆದ ಹಾಗೆ ಬಾಟಲಿಯೊಳಗೆ ಆ ಟ್ಯಾನಿನ್ ಕಣಗಳು ಒಂದಕ್ಕೊಂದು ಕೂಡಿ ಭಾರವಾಗಿ ತಳಕ್ಕೆ ಇಳಿಯುತ್ತವೆ. ಒರಟು ಹೋಗುತ್ತೆ. ಕಪ್ಪು ಹಣ್ಣಿನ ವಾಸನೆ ಇದ್ದಲ್ಲಿ ನಿಧಾನವಾಗಿ ಚರ್ಮ, ಒಣಗಿದ ಕಾಡು ಸೊಪ್ಪು, ಹೊಗೆ ಇವೆಲ್ಲ ಬರುತ್ತವೆ. ಒಳ್ಳೆಯ ವರ್ಷದ ಬಾಟಲಿ ಹತ್ತಿಪ್ಪತ್ತು ವರ್ಷ ಆರಾಮವಾಗಿ ನಿಲ್ಲುತ್ತೆ.

ತಾಂಪಿಯೆಯವರು ಕೆಲವು ತುಂಡು ನೆಲಗಳ ಹಣ್ಣನ್ನು ಬೇರೆಯಾಗಿಯೇ ಬಾಟಲಿ ತುಂಬಿಸುತ್ತಾರೆ. ಲಾ ಮಿಗುವಾ, ಲಾ ತೂರ್ತೀನ್, ಕಬಾಸಾವು ಅಂತ ಹೆಸರು. ಕಬಾಸಾವು ಹೆಚ್ಚುಕಡಿಮೆ ಪೂರ್ತಿ ಮೂರ್ವೆದ್ರ. ನನ್ನನ್ನು ಕೇಳಿದರೆ ಲಾ ಮಿಗುವಾ ಜಾಸ್ತಿ ಇಷ್ಟ, ಅದರಲ್ಲಿ ಬೇರೆ ಜಾತಿಗಳ ಪಾಲು ಹೆಚ್ಚು, ಕಾಡಿನ ಗಿಡಗಳ ಪರಿಮಳವೂ ಹೆಚ್ಚು. ಇದು ರುಚಿಯ ಮಾತು, ವಾದಕ್ಕೆ ಇಳಿಯುವುದಿಲ್ಲ.

ಮನೆತನದ ತೋಟ ಅಂದ ಮೇಲೆ ಪಾಲಿನ ಪ್ರಶ್ನೆ ಬರಲೇಬೇಕು. ಲೂಸಿಯೆನ್ ಮತ್ತು ಲುಲುಗೆ ಏಳು ಮಕ್ಕಳು. ನೆಪೋಲಿಯನ್ ಕಾಲದಿಂದ ಫ್ರಾನ್ಸಿನ ಕಾನೂನು ಎಲ್ಲ ಮಕ್ಕಳಿಗೂ ಆಸ್ತಿಯಲ್ಲಿ ಪಾಲು ಕೊಡುತ್ತೆ. ಗಂಡು ಹೆಣ್ಣು ಅಂತ ಭೇದ ಇಲ್ಲ, ಅದು ಒಳ್ಳೆಯದೇ. ಆದರೆ ತೋಟ ಹರಿದು ಹಂಚಿಹೋಗುವ ಭಯ ಇದ್ದೇ ಇದೆ. ಬರ್ಗಂಡಿ ಸೀಮೆಯಲ್ಲಿ ಇದೇ ಕಾರಣಕ್ಕೆ ಒಬ್ಬೊಬ್ಬರ ಪಾಲು ಕೆಲವೇ ಸಾಲು ಬಳ್ಳಿಗೆ ಇಳಿದಿರುವುದುಂಟು. ನಮ್ಮ ಮನೆಗಳಲ್ಲಿ ಅಣ್ಣ ತಮ್ಮಂದಿರ ನಡುವೆ ಬಾವಿ ಯಾರಿಗೆ, ದಾರಿ ಯಾರಿಗೆ ಅಂತ ಆಗುವ ಜಗಳ ಅಲ್ಲಿಯವರಿಗೆ ಹೊಸದಲ್ಲ. ಫ್ರಾನ್ಸಿನಲ್ಲಿ ಹಲವು ಕೃಷಿ ಕುಟುಂಬಗಳು ಇದಕ್ಕೆ ಒಂದು ದಾರಿ ಹುಡುಕಿಕೊಂಡಿವೆ. ನೆಲವನ್ನು ತುಂಡು ಮಾಡದೆ ಒಂದು ಸಂಸ್ಥೆಯ ಹೆಸರಿಗೆ ಮಾಡಿ, ಮಕ್ಕಳಿಗೆ ಅದರಲ್ಲಿ ಷೇರು ಕೊಡುವುದು. ಇದಕ್ಕೆಂದೇ 1970ರಲ್ಲಿ ಕಾನೂನು ಬಂತು.

ತಾಂಪಿಯೆ ತುಂಡಾಗಲಿಲ್ಲ. ಇಬ್ಬರು ಗಂಡುಮಕ್ಕಳು ಕೆಲಸ ಹಂಚಿಕೊಂಡರು. ಫ್ರಾಂಸ್ವಾ ಬಳ್ಳಿ ನೋಡಿಕೊಂಡರು, ಜಾನ್ ಮರೀ ನೆಲಮಾಳಿಗೆ ನೋಡಿಕೊಂಡರು. ಅವರಿಗೆ ವಯಸ್ಸಾದಾಗ ಮನೆಯವರು ಒಂದು ಗಟ್ಟಿ ತೀರ್ಮಾನ ಮಾಡಿದರು. 2000ದಲ್ಲಿ ದಾನಿಯೆಲ್ ರಾವಿಯೆ ಅನ್ನೋ ಹೊರಗಿನವರನ್ನು ಕರೆತಂದು ತೋಟ ಮತ್ತು ವೈನ್ ಎರಡರ ಹೊಣೆಯನ್ನೂ ಕೊಟ್ಟರು. ಒಡೆತನ ಮನೆಯದೇ, ಕೈ ಹೊರಗಿನವರದು. ಇದನ್ನು ಕೇಳಿ ಕೆಲವರು ‘ಹಾಗಾದರೆ ಮನೆತನದ ತೋಟ ಹೇಗಾಯಿತು?’ ಅಂತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ರಕ್ತಸಂಬಂಧ ಇದ್ದ ಮಾತ್ರಕ್ಕೆ ಬಳ್ಳಿ ಸವರಲು ಬರುವುದಿಲ್ಲ.

ಲುಲು ಬಗ್ಗೆ ಹೇಳದೆ ಮುಂದೆ ಹೋದರೆ ಅನ್ಯಾಯ. ಕಾನೂನು ಮಾಡಿಸಿದ್ದು ಗಂಡ, ಆ ವೈನ್ ಅನ್ನು ಜಗತ್ತಿಗೆ ಪರಿಚಯ ಮಾಡಿಸಿದ್ದು ಹೆಂಡತಿಯ ಅಡುಗೆಮನೆ. ಬಂದ ವ್ಯಾಪಾರಿಗಳಿಗೆ, ಅಡುಗೆಯವರಿಗೆ ಮೀನಿನ ಸಾರು, ಬೆಳ್ಳುಳ್ಳಿ ಅರೆದು ಎಣ್ಣೆ ಸೇರಿಸಿ ಮಾಡಿದ ಐಯೋಲಿ, ಬೆಂಕಿಯ ಮೇಲೆ ಸುಟ್ಟ ಕುರಿಮಾಂಸ ಬಡಿಸುತ್ತಿದ್ದರು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಿಂದ ವೈನ್ ವ್ಯಾಪಾರಿ ಕರ್ಮಿಟ್ ಲಿಂಚ್ ಬಂದರು, ಅದೇ ಊರಿನಲ್ಲಿ ಶೆ ಪನಿಸ್ ಹೋಟೆಲ್ ನಡೆಸುವ ಆಲಿಸ್ ವಾಟರ್ಸ್ ಬಂದರು. ಅಮೆರಿಕದಲ್ಲಿ ಬಾಂದೋಲ್ ಹೆಸರು ಹಬ್ಬಿದ್ದು ಆ ಊಟದ ಮೇಜಿನಿಂದ. ಲುಲು 2020ರಲ್ಲಿ ತೀರಿಕೊಂಡಾಗ ಅವರಿಗೆ 102 ವರ್ಷ.

ಈಗಿನ ಸ್ಥಿತಿ ನನಗೆ ಸ್ವಲ್ಪ ಚಿಂತೆ ಹುಟ್ಟಿಸುತ್ತೆ. ಬಾಂದೋಲ್‌ನಲ್ಲಿ ಇವತ್ತು ತಯಾರಾಗುವುದರಲ್ಲಿ ದೊಡ್ಡ ಪಾಲು ರೋಸೆ, ಅಂದರೆ ತಿಳಿ ಗುಲಾಬಿ ಬಣ್ಣದ ವೈನ್. ಅದು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ತಾಂಪಿಯೆಯ ರೋಸೆ ಕೂಡ ಹೆಸರುವಾಸಿ, ಪೇರೋ 1943ರಲ್ಲಿ ಮೊದಲು ಬಾಟಲಿ ತುಂಬಿಸಿದ್ದೂ ಅದನ್ನೇ. ಆದರೆ ರೋಸೆ ಮರುವರ್ಷವೇ ದುಡ್ಡಾಗುತ್ತೆ. ಬೇಸಿಗೆಯಲ್ಲಿ ಕಡಲ ತೀರಕ್ಕೆ ಬಂದವರು ತಣ್ಣಗೆ ಮಾಡಿ ಕುಡಿಯುತ್ತಾರೆ. ಕೆಂಪು ವೈನ್ ಫೂದ್ರದಲ್ಲಿ ಕೂತು ಜಾಗ ಹಿಡಿಯುತ್ತೆ, ಬಂಡವಾಳ ಹಿಡಿಯುತ್ತೆ. ನೂರು ವರ್ಷದ ಹಿಂದೆ ಮೂರ್ವೆದ್ರ ಕೀಳಿಸಿದ್ದು ಇದೇ ಲೆಕ್ಕ ಅಲ್ವಾ? ಈ ಸಲ ಬಳ್ಳಿ ಉಳಿದಿದೆ, ವೈನ್‌ನ ಬಣ್ಣ ಬದಲಾಗುತ್ತಿದೆ. ಜೊತೆಗೆ ಸಮುದ್ರ ಕಾಣುವ ಇಳಿಜಾರಿನಲ್ಲಿ ಬಳ್ಳಿಗಿಂತ ರಜೆಯ ಮನೆಗೆ ಬೆಲೆ ಜಾಸ್ತಿ. ಬೇಸಿಗೆಯೂ ಕಡುವಾಗುತ್ತಿದೆ. ಬಿಸಿಲು ತಡೆಯುವ ಜಾತಿ ಅಂತ ಮೂರ್ವೆದ್ರವನ್ನು ಈಗ ಬೇರೆ ಸೀಮೆಯವರೂ ಹುಡುಕಿಕೊಂಡು ಬರುತ್ತಿದ್ದಾರೆ ಅನ್ನೋದು ಒಂದು ಸಮಾಧಾನ.

ಮಾತು ಮುಗಿದ ಮೇಲೆ ಎರಡು ಪ್ರಶ್ನೆ ಬಂದವು. ಅವನ್ನೂ ಇಲ್ಲಿ ಸೇರಿಸಿದ್ದೇನೆ.

ಮೊದಲನೆಯದು ಒಬ್ಬ ಅಮ್ಮನವರದು: ಯಾರಾದರೂ ಇಂಥ ಬಾಟಲಿ ತಂದುಕೊಟ್ಟರೆ ಏನು ಮಾಡಬೇಕು? ಹಿಂದಿನ ದಿನವೇ ನೇರ ನಿಲ್ಲಿಸಿ, ಗಸಿ ತಳಕ್ಕೆ ಕೂರಲಿ. ಎಳೆಯ ಬಾಟಲಿಯಾದರೆ ಊಟಕ್ಕೆ ಒಂದೆರಡು ಗಂಟೆ ಮೊದಲೇ ಅಗಲವಾದ ಗಾಜಿನ ಪಾತ್ರೆಗೆ ಬಗ್ಗಿಸಿಡಿ, ಆ ಕೊಟ್ಟಿಗೆಯ ವಾಸನೆ ಹೋಗುತ್ತೆ. ನಮ್ಮ ಬೇಸಿಗೆಯ ಕೋಣೆಯ ಬಿಸಿಗೆ ಕುಡಿಯಬೇಡಿ, ಹದಿನೇಳು ಹದಿನೆಂಟು ಡಿಗ್ರಿಗೆ ತನ್ನಿ. ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟರೆ ಸಾಕು. ಜೊತೆಗೆ ಕೊಬ್ಬಿರುವ ಕುರಿಮಾಂಸ ಇರಲಿ, ಒಗರು ಅದರಲ್ಲಿ ಮೆತ್ತಗಾಗುತ್ತೆ. ಮಾಂಸ ತಿನ್ನದವರು ಬದನೆಕಾಯಿ ಸುಟ್ಟು ಮಾಡಿದ ಅಡುಗೆಯ ಜೊತೆ ನೋಡಿ. ಖಾರ ಮಾತ್ರ ಕಡಿಮೆ ಇರಲಿ, ಖಾರಕ್ಕೆ ಟ್ಯಾನಿನ್ ಇನ್ನೂ ಉರಿಯುತ್ತೆ.

ಎರಡನೆಯದು ತಿಕೋಟಾ ಕಡೆಯ ಬೆಳೆಗಾರರೊಬ್ಬರದು: ಈ ಜಾತಿ ನಮ್ಮಲ್ಲಿ ಹಾಕಬಹುದಾ ಸರ್? ಬಳ್ಳಿ ಬದುಕುತ್ತೆ, ಆದರೆ ಅದೇ ವೈನ್ ಬರುವುದಿಲ್ಲ. ಅಲ್ಲಿ ಚಳಿಗಾಲದಲ್ಲಿ ಬಳ್ಳಿ ಪೂರ್ತಿ ಮಲಗುತ್ತೆ, ವರ್ಷಕ್ಕೆ ಒಂದೇ ಸಲ ಸವರುತ್ತಾರೆ. ನಮ್ಮಲ್ಲಿ ಬಳ್ಳಿ ಮಲಗುವುದಿಲ್ಲ, ಅದಕ್ಕೇ ನೀವು ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಅಂತ ಎರಡು ಸಲ ಸವರುತ್ತೀರಿ. ಅಲ್ಲಿ ಹಣ್ಣು ಮಾಗುವುದು ಬಿಸಿಲು ಇಳಿಯುವ ಕಾಲದಲ್ಲಿ, ನಮ್ಮಲ್ಲಿ ಫೆಬ್ರವರಿ, ಮಾರ್ಚ್‌ನ ಏರುವ ಬಿಸಿಲಲ್ಲಿ. ತಡವಾಗಿ ಮಾಗುವ ಜಾತಿಗೆ ಇದು ಸಣ್ಣ ವ್ಯತ್ಯಾಸ ಅಲ್ಲ. ಆದರೂ ನೋಡಲೇಬೇಕು ಅಂತ ಇದ್ದರೆ ಡಾಗ್‌ರಿಜ್ ಮೇಲೆ ಬೇಡ, ಅದು ಬಳ್ಳಿಗೆ ವಿಪರೀತ ಬಲ ಕೊಡುತ್ತೆ, ಎಲೆಯೇ ಜಾಸ್ತಿಯಾಗುತ್ತೆ. ವೈನ್ ದ್ರಾಕ್ಷಿ ಹಾಕುವವರು ಈಗ 110 ಆರ್ ಅನ್ನೋ ರೂಟ್‌ಸ್ಟಾಕ್ ಬಳಸುತ್ತಿದ್ದಾರೆ. ನರ್ಸರಿಯಲ್ಲಿ ಮೊದಲು ಅದು ಸಿಗುತ್ತಾ ಕೇಳಿ. ಸಿಕ್ಕರೆ ತೋಟದ ಅಂಚಿನಲ್ಲಿ ಎರಡು ಸಾಲು ಹಾಕಿ, ಅಕ್ಟೋಬರ್ ಚಾಟ್ನಿಯಿಂದ ಹಣ್ಣಾಗುವವರೆಗೆ ಎಷ್ಟು ದಿನ ಹಿಡಿಯುತ್ತೆ ಅಂತ ಬರೆದಿಡಿ. ಉಳಿದದ್ದನ್ನು ಆ ಪುಸ್ತಕ ಮುಂದಿಟ್ಟುಕೊಂಡು ಮಾತಾಡೋಣ.